ಹುಳು ಮನೆಯ ಹೊಸಿಲು

ನಿಮ್ಮ ತೌರಿನಲ್ಲೋ ಅತ್ತೆಮನೆಯಲ್ಲೋ ರೇಷ್ಮೆ ಹುಳು ಸಾಕಿದ್ದರೆ ನಾನು ಹೇಳಹೊರಟಿರುವುದು ನಿಮಗೆ ಬೇಗ ಅರ್ಥವಾಗುತ್ತದೆ. ಇಲ್ಲವಾದರೆ ಇಷ್ಟು ತಿಳಿದುಕೊಳ್ಳಿ, ಹುಳು ಮನೆಯೆಂದರೆ ಬಾಣಂತಿ ಕೋಣೆಯಿದ್ದಂತೆ. ಅಲ್ಲಿ ಜೋರಾಗಿ ಮಾತಾಡುವ ಹಾಗಿಲ್ಲ. ಮೆಣಸಿನಕಾಯಿ ಹುರಿದ ಘಾಟು ಅತ್ತ ಹೋಗುವ ಹಾಗಿಲ್ಲ. ಹೊರಗಿನವರು ಬಂದು ಇಣುಕಿದರೆ ಅಜ್ಜಿಯ ಮುಖ ಗಂಟು. ನಾಲ್ಕನೆಯ ಜ್ವರ ಕಳೆದ ಹುಳುಗಳು ಸೊಪ್ಪಿಗೆ ಬಿದ್ದವೆಂದರೆ, ರಾತ್ರಿ ಹೆಂಚಿನ ಮೇಲೆ ಸೋನೆ ಮಳೆ ಸುರಿದಂಥ ಸದ್ದು. ಆ ಸದ್ದು ಕೇಳುತ್ತಾ ನಿದ್ದೆ ಮಾಡಿದವಳು ನಾನು.

ನಮ್ಮೂರು ಯಳಂದೂರು ತಾಲ್ಲೂಕಿನದು. ಅಗರ ಮಾಂಬಳ್ಳಿಯ ಕಡೆ. ಹೊಲದಲ್ಲಿ ಹಿಪ್ಪುನೇರಳೆ, ನಡುಮನೆಯ ಪಕ್ಕದ ಉದ್ದನೆಯ ಕೋಣೆಯಲ್ಲಿ ಬಿದಿರಿನ ತಟ್ಟೆಗಳು. ಗೂಡು ಮಾರಿದ ದುಡ್ಡು ಬಂದರೆ ಅಂಗಡಿ ಸಾಲ ತೀರುತ್ತಿತ್ತು, ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಬರುವುದಾಗುತ್ತಿತ್ತು, ನಮಗೆಲ್ಲ ಒಂದೊಂದು ಜೊತೆ ಬಟ್ಟೆ. ದುಡ್ಡು ಅಪ್ಪನ ಜೇಬಿಗೆ ಹೋದರೂ ಕೆಲಸವೆಲ್ಲ ಹೆಂಗಸರದೇ. ಸೊಪ್ಪು ಕೊಯ್ಯುವುದು, ಎಳೆ ಹುಳುವಿಗೆ ಸಣ್ಣಗೆ ಹೆಚ್ಚಿ ಹಾಕುವುದು, ಕಸ ತೆಗೆಯುವುದು, ನಡುರಾತ್ರಿ ಎದ್ದು ಮೇವು ಕೊಡುವುದು, ಹಣ್ಣಾದ ಹುಳುಗಳನ್ನು ಒಂದೊಂದೇ ಆರಿಸಿ ಚಂದ್ರಿಕೆಗೆ ಬಿಡುವುದು. ತಿಂಗಳಿಗೆ ಇಪ್ಪತ್ತೇಳು ದಿನ ಬೇಕಾದ ಆ ಕೈಗಳು ಉಳಿದ ಮೂರು ದಿನ ಮಾತ್ರ ಹುಳುವಿಗೆ ಆಗಿಬರುತ್ತಿರಲಿಲ್ಲ. ಮುಟ್ಟಾದವಳ ನೆರಳು ಬಿದ್ದರೂ ಹುಳು ಕರಗಿ ನೀರಾಗುತ್ತವೆ ಎಂದು ಅಜ್ಜಿ ಹೇಳುತ್ತಿದ್ದರು. ಯಾರೂ ಎದುರಾಡುತ್ತಿರಲಿಲ್ಲ.

1974ರಲ್ಲಿ ನನಗೆ ಹತ್ತು ವರ್ಷ. ಆ ಸಲ ಅಪ್ಪ ನೂರು ಮೊಟ್ಟೆ ತಂದಿದ್ದರು. ನೂರು ಮೊಟ್ಟೆಯೆಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆ, ಹುಳುವಿನ ಲೆಕ್ಕದಲ್ಲಿ ನಲವತ್ತು ಸಾವಿರಕ್ಕೂ ಮೇಲೆ. ನಾಲ್ಕನೆಯ ಜ್ವರದವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಬೆಳಗ್ಗೆ ಕೆಲವು ಹುಳುಗಳು ಮೇವು ಬಿಟ್ಟು ತಟ್ಟೆಯ ಅಂಚಿನ ಮೇಲೆ ಸುತ್ತತೊಡಗಿದ್ದವು. ಮೈ ಹೊಳೆಯುತ್ತಿತ್ತು, ಗೆಣ್ಣುಗೆಣ್ಣಿಗೂ ಊತ. ಅಮ್ಮ ಒಂದನ್ನು ಎತ್ತಿದರೆ ಚರ್ಮ ಒಡೆದು ಬೆರಳಿಗೆ ಬಿಳಿಯ ಹಾಲಿನಂಥ ನೀರು ಅಂಟಿತು. ನಮ್ಮ ಕಡೆ ಇದಕ್ಕೆ ಹಾಲು ರೋಗವೆಂದೇ ಹೆಸರು. ನಾಲ್ಕೇ ದಿನದಲ್ಲಿ ಕೋಣೆಯೆಲ್ಲ ಹಾಲು. ಬುಟ್ಟಿಬುಟ್ಟಿಯಾಗಿ ತಿಪ್ಪೆಗೆ ಸುರಿದರು. ಆ ವಾಸನೆ ನನಗೆ ಇಂದಿಗೂ ನೆನಪಿದೆ.

"ಯಾರು ಹೋಗಿದ್ದರು ಒಳಗೆ?" ಅಜ್ಜಿ ಕೇಳಿದರು.

ಸಣ್ಣತ್ತೆ, ಎಂದರೆ ಅಪ್ಪನ ತಂಗಿ, ಕಂಬದ ಪಕ್ಕ ನಿಂತಿದ್ದಳು. ಇಪ್ಪತ್ತಾರು ವರ್ಷದವಳು, ಗಂಡ ತೀರಿಕೊಂಡು ತೌರಿಗೆ ಬಂದು ಎರಡು ವರ್ಷವಾಗಿತ್ತು. ಅದರ ಹಿಂದಿನ ವಾರ ಅವಳು ಹೊರಗಾಗಿದ್ದಳು. ಒಂದು ಸಂಜೆ ಮನೆಯವರೆಲ್ಲ ಹೊಲದಲ್ಲಿದ್ದಾಗ ದಿಢೀರನೆ ಮಳೆ ಬಂದು, ಅಂಗಳದಲ್ಲಿದ್ದ ಸೊಪ್ಪಿನ ಕುಕ್ಕೆ ನೆನೆಯುತ್ತದೆಂದು ಎತ್ತಿ ಹುಳು ಮನೆಯ ಒಳಗಿಟ್ಟು ಬಂದಿದ್ದಳು. ಒದ್ದೆ ಸೊಪ್ಪು ಹುಳುವಿಗೆ ಆಗದಲ್ಲ, ಅದಕ್ಕೆ. ಸುಳ್ಳು ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

ಆಮೇಲೆ ನಡೆದದ್ದನ್ನು ವಿಸ್ತರಿಸಲಾರೆ. ಯಾರೂ ಹೊಡೆಯಲಿಲ್ಲ. ಅಪ್ಪ ಒಂದು ವಾರ ಅವಳೊಂದಿಗೆ ಮಾತಾಡಲಿಲ್ಲ, ಅಜ್ಜಿ ದಿನವಿಡೀ ಮಾತಾಡಿದರು. ಸಣ್ಣತ್ತೆ ಮತ್ತೆಂದೂ ಹುಳು ಮನೆಯ ಹೊಸಿಲು ದಾಟಲಿಲ್ಲ, ಯಾವ ದಿನದಲ್ಲೂ. ಮರುವರ್ಷ ಹನೂರಿನಲ್ಲಿದ್ದ ಗಂಡನ ಅಕ್ಕನ ಮನೆಗೆ ಹೋದಳು. ಹೊಲಿಗೆ ಕಲಿತು, ಊರವರ ರವಿಕೆ ಹೊಲಿಯುತ್ತಾ ಅಲ್ಲೇ ಉಳಿದುಬಿಟ್ಟಳು. ಹಬ್ಬಕ್ಕೆ ಕರೆದರೂ ಬಂದವಳಲ್ಲ.

ನಾನು ಓದಿ ಪ್ರಾಣಿಶಾಸ್ತ್ರದ ಮೇಡಂ ಆದೆ, ಕೊಳ್ಳೇಗಾಲದಲ್ಲಿ. ಯಳಂದೂರಿನಿಂದ ಅರ್ಧ ಗಂಟೆಯ ಹಾದಿ ಅಷ್ಟೆ. ಆದರೂ 1956ರವರೆಗೆ ಕೊಳ್ಳೇಗಾಲ ಮದರಾಸಿನ ಕಡೆ, ಕೊಯಮತ್ತೂರು ಜಿಲ್ಲೆ, ನಾವು ಮೈಸೂರು. ನಮ್ಮಜ್ಜಿ ಕೊನೆಯವರೆಗೂ "ಅವರು ಆ ಸೀಮೆಯವರು" ಎನ್ನುತ್ತಿದ್ದರು. ಸೀಮೆ ಯಾವುದಾದರೇನು, ರೇಷ್ಮೆ ಎರಡೂ ಕಡೆ ಒಂದೇ, ರೇಷ್ಮೆಯ ಮಡಿಯೂ ಒಂದೇ. ತರಗತಿಯಲ್ಲಿ ರೇಷ್ಮೆ ಹುಳುವಿನ ರೋಗಗಳನ್ನು ಬೋರ್ಡಿನ ಮೇಲೆ ಬರೆಸುವಾಗ ಸುಣ್ಣಕಟ್ಟು ರೋಗ ಬೂಷ್ಟಿನಿಂದ, ಗಂಟು ರೋಗ ಸೂಕ್ಷ್ಮ ಪರೋಪಜೀವಿಯಿಂದ, ಹಾಲು ರೋಗ ವೈರಸ್ಸಿನಿಂದ ಎಂದು ಹೇಳಿಕೊಡುತ್ತಿದ್ದೆ. ಊರಿಗೆ ಹೋದಾಗ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಮೇಷ್ಟರಾದ ಹೆಂಗಸರಿಗೆ ಈ ಕಷ್ಟ ಇದ್ದದ್ದೇ. ನೂರು ಮಕ್ಕಳ ಮುಂದೆ ಹೇಳುವುದನ್ನು ಒಬ್ಬ ಅಣ್ಣನ ಮುಂದೆ ಹೇಳಲಾಗದು.

2012ರ ಬೇಸಿಗೆಯಲ್ಲಿ ಅಣ್ಣನ ಮನೆಯಲ್ಲಿ ಮತ್ತೆ ಹಾಲು ರೋಗ ಬಂತು. ನಾನು ಹೋದ ದಿನ ಅಣ್ಣನ ಸೊಸೆ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ತಲೆ ಎತ್ತಲಿಲ್ಲ. ಡಿಗ್ರಿ ಓದಿದ ಹುಡುಗಿ. ಅತ್ತಿಗೆ ದನಿ ತಗ್ಗಿಸಿ, "ಈಗಿನ ಹುಡುಗಿಯರಿಗೆ ದಿನದ ಪರಿವೆಯೇ ಇಲ್ಲ" ಎಂದರು. ಮೂವತ್ತೆಂಟು ವರ್ಷದ ಹಿಂದಿನ ಅದೇ ಕಂಬ, ಅದೇ ಮಾತು. ನನಗೆ ಮೈಯೆಲ್ಲ ಉರಿಯಿತು.

ಎರಡು ಹುಳು ಹಿಡಿದು ಕಾಲೇಜಿಗೆ ಹೋದೆ. ಹಾಲಿನ ಒಂದು ತೊಟ್ಟನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತುಂಬ ಆರು ಮೂಲೆಯ ಪುಟ್ಟಪುಟ್ಟ ಹರಳುಗಳು. ಇದು ಹೊಸದೇನಲ್ಲ, ಇಟಲಿಯವರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ಈ ಹರಳುಗಳನ್ನು ನೋಡಿದ್ದರು. ರೋಗ ಪತ್ತೆಗೆ ಇಷ್ಟೇ ಸಾಕು. ಭಾನುವಾರ ಅಣ್ಣನನ್ನೇ ಕರೆತಂದು ತೋರಿಸಿದೆ. ಅವನು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, "ಕಲ್ಲುಪ್ಪಿನ ಹಾಗಿದೆ. ಇದರಲ್ಲಿ ರೋಗ ಎಲ್ಲಿದೆ?" ಎಂದ.

ಸಿಟ್ಟು ಬಂದರೂ ಅದು ಒಳ್ಳೆಯ ಪ್ರಶ್ನೆಯೇ. ರೋಗ ಇರುವುದು ಹರಳಿನ ಹೊಟ್ಟೆಯೊಳಗೆ, ಅದನ್ನು ನಮ್ಮ ಕಾಲೇಜಿನ ಸೂಕ್ಷ್ಮದರ್ಶಕ ತೋರಿಸಲಾರದು. ಎಷ್ಟು ಒಳ್ಳೆಯ ಮಸೂರ ಹಾಕಿದರೂ ಬೆಳಕಿನಿಂದ ನೋಡುವುದಕ್ಕೆ ಒಂದು ಮಿತಿಯಿದೆ. ಬೆಳಕಿನ ಅಲೆ ವೈರಸ್ಸಿಗಿಂತ ದಪ್ಪ. ಕೈಗೆ ದುಪ್ಪಟಿ ಸುತ್ತಿಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸಲು ಕೂತರೆ ಏನಾದೀತು? ಹಾಗೆ. 1931ರಲ್ಲಿ ಬರ್ಲಿನ್ನಿನಲ್ಲಿ ಅರ್ನ್‌ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಬೆಳಕಿನ ಬದಲು ಎಲೆಕ್ಟ್ರಾನುಗಳನ್ನೇ ಹಾಯಿಸಿ, ಗಾಜಿನ ಮಸೂರದ ಬದಲು ಕಾಂತದ ಸುರುಳಿಯಿಂದ ಅವನ್ನು ಬಾಗಿಸಿ ನೋಡುವ ಉಪಾಯ ಮಾಡಿದರು. ರುಸ್ಕಾಗೆ ನೊಬೆಲ್ ಬಹುಮಾನ ಬಂದದ್ದು 1986ರಲ್ಲಿ, ಐವತ್ತೈದು ವರ್ಷದ ಮೇಲೆ. ರೇಷ್ಮೆ ಹುಳುವಿನ ಆ ಹರಳುಗಳನ್ನು ಕರಗಿಸಿ, ಒಳಗೆ ಕಡ್ಡಿಯಾಕಾರದ ವೈರಸ್ಸುಗಳಿವೆ ಎಂದು 1947ರಲ್ಲಿ ತೋರಿಸಿಕೊಟ್ಟವನು ಜರ್ಮನಿಯ ಬರ್ಗೋಲ್ಡ್. ಅಲ್ಲಿಯವರೆಗೆ ಹಾಲು ರೋಗದ ನಿಜವಾದ ಮುಖವನ್ನು ಯಾರೂ ಕಂಡಿರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಡೆಸುವ ಕೆಲಸದಲ್ಲಿದ್ದಳು. ಆ ಯಂತ್ರಕ್ಕೆ ಕೋಟಿಗಟ್ಟಲೆ ಬೆಲೆ. ನೆಲ ಅದುರದ ಕೋಣೆ ಬೇಕು, ಹಗಲಿರುಳು ತಂಪು ಬೇಕು. ಎಲ್ಲ ಕಾಲೇಜಿಗೂ ಎಲ್ಲ ಆಸ್ಪತ್ರೆಗೂ ಅದನ್ನು ಕೊಳ್ಳಲಾಗದು. ಅದಕ್ಕೇ ಇರುವವರು ಇಲ್ಲದವರ ಮಾದರಿಗಳನ್ನು ಶುಲ್ಕ ತೆಗೆದುಕೊಂಡು ನೋಡಿಕೊಡುತ್ತಾರೆ, ಊರಿಗೊಂದು ಹಿಟ್ಟಿನ ಗಿರಣಿಯಿದ್ದಂತೆ. ಒಬ್ಬರದು ರೋಗಿಯ ಮೂತ್ರಪಿಂಡದ ಚೂರು, ಇನ್ನೊಬ್ಬರದು ಹೂವಿನ ಪರಾಗ, ಮತ್ತೊಬ್ಬರದು ಬ್ಯಾಕ್ಟೀರಿಯಾ. ಸರದಿಯಲ್ಲಿ ನನ್ನದೊಂದು ಹುಳು.

ಮೊದಲ ಸಲ ನಾನು ಮಾಡಿದ ಪೆದ್ದುತನ ಕೇಳಿ. ಸತ್ತ ಹುಳುಗಳನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಕನಕಪುರದ ಮೇಲೆ ಹೋಗುವ ಬಸ್ಸು ಹತ್ತಿದೆ. ಮಳವಳ್ಳಿ ದಾಟುವಷ್ಟರಲ್ಲಿ ಪಕ್ಕದಲ್ಲಿದ್ದವರು ಮೂಗಿಗೆ ಸೆರಗು ಹಿಡಿದಿದ್ದರು, ಸಾತನೂರಿನಲ್ಲಿ ಎದ್ದು ಬೇರೆ ಸೀಟಿಗೆ ಹೋದರು. ಹುಡುಗಿ ಡಬ್ಬಿ ತೆರೆದು ತಕ್ಷಣ ಮುಚ್ಚಿದಳು. "ಮೇಡಂ, ಇದು ಕೊಳೆತಿದೆ. ಇದರಲ್ಲಿ ಕಾಣುವುದು ಕೊಳೆತದ್ದು ಮಾತ್ರ."

ನಾಚಿಕೆಯಾಯಿತು. ಪ್ರಾಣಿಶಾಸ್ತ್ರದ ಮೇಡಂ ಅಲ್ಲವೆ ನಾನು! ಅವಳು ಸಾವಧಾನವಾಗಿ ಹೇಳಿಕೊಟ್ಟಳು. ಜೀವ ಹೋದ ಮರುಗಳಿಗೆಯಿಂದಲೇ ಜೀವಕೋಶ ತನ್ನನ್ನು ತಾನೇ ತಿನ್ನತೊಡಗುತ್ತದೆ. ಆದ್ದರಿಂದ ಬದುಕಿರುವ ಹುಳುವನ್ನೇ ಕೊಯ್ದು, ಮಿಲಿಮೀಟರಿಗಿಂತ ದೊಡ್ಡದಲ್ಲದ ಚೂರುಗಳನ್ನು ಆ ಕ್ಷಣವೇ ಗ್ಲುಟರಾಲ್ಡಿಹೈಡ್ ದ್ರಾವಣಕ್ಕೆ ಹಾಕಬೇಕು. ಆ ಕ್ಷಣಕ್ಕೆ ಇದ್ದದ್ದು ಇದ್ದ ಹಾಗೆ ನಿಂತುಬಿಡುತ್ತದೆ. ಚೂರು ದೊಡ್ಡದಾದರೆ ದ್ರಾವಣ ನಡುವಿಗೆ ಮುಟ್ಟುವುದರೊಳಗೆ ನಡು ಹಾಳಾಗಿರುತ್ತದೆ. ಬೆರಳುದ್ದದ ನಾಲ್ಕು ಶೀಶೆ, ಒಂದು ಅರ್ಜಿ ಕೈಗಿಟ್ಟಳು. ಅರ್ಜಿಯಲ್ಲಿ ಮಾದರಿ ಯಾವುದು, ಎಲ್ಲಿಯದು, ಏನು ನೋಡಬೇಕು ಎಂಬ ಪ್ರಶ್ನೆಗಳು. ಏನು ನೋಡಬೇಕು ಎಂಬಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಕೊನೆಗೆ "ಹರಳಿನ ಒಳಭಾಗ" ಎಂದು ಬರೆದೆ.

ಶೀಶೆಗಳನ್ನು ಮಂಜುಗಡ್ಡೆಯ ಥರ್ಮಾಸಿನಲ್ಲಿಟ್ಟುಕೊಂಡು ರಾತ್ರಿ ಅಣ್ಣನ ಮನೆ ಸೇರಿದೆ. ಕೆಲವು ಹುಳು ಇನ್ನೂ ತಟ್ಟೆಯ ಅಂಚಿನಲ್ಲಿ ತಿರುಗುತ್ತಿದ್ದವು. ಕರೆಂಟಿರಲಿಲ್ಲ. "ಟಾರ್ಚು ಹಿಡಿಯಲು ಯಾರಾದರೂ ಬನ್ನಿ" ಎಂದೆ. ಬಂದವಳು ಆ ಸೊಸೆ. ಹೊಸಿಲ ಬಳಿ ನಿಂತು ಒಳಗೆ ಬರಲೋ ಬೇಡವೋ ಎಂದು ನನ್ನ ಮುಖ ನೋಡಿದಳು. ಬಾ ಎಂದೆ. ಅತ್ತಿಗೆ ಹಿಂದಿನಿಂದ ಏನೋ ಹೇಳಲು ಹೊರಟು ಸುಮ್ಮನಾದರು. ಬ್ಲೇಡಿನಲ್ಲಿ ಹುಳು ಕೊಯ್ಯುವಾಗ ನನ್ನ ಕೈಯೇ ನಡುಗಿತು, ಅವಳ ಟಾರ್ಚು ಅಲುಗಲಿಲ್ಲ.

ಹತ್ತು ದಿನ ಬಿಟ್ಟು ಬರಹೇಳಿದ್ದಳು. ಅಷ್ಟರಲ್ಲಿ ಆ ಚೂರುಗಳಿಗೆ ನಡೆದ ಉಪಚಾರ ಕೇಳಿದರೆ ನಮ್ಮ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೆಲ್ಲ ಏನೂ ಅಲ್ಲ. ಮೊದಲು ಆಸ್ಮಿಯಂ ಎಂಬ ವಿಷದಲ್ಲಿ ನೆನೆಸಬೇಕು. ಅದರ ಆವಿ ಕಣ್ಣಿಗೆ ತಗುಲಿದರೆ ಕಣ್ಣಿಗೇ ಅಪಾಯ, ಆದ್ದರಿಂದ ಗಾಳಿ ಹೊರಕ್ಕೆಳೆಯುವ ಗೂಡಿನೊಳಗೆ ಕೈ ಮಾತ್ರ ತೂರಿಸಿ ಆ ಕೆಲಸ. ಚೂರು ಕಾಡಿಗೆಯಂತೆ ಕಪ್ಪಾಗುತ್ತದೆ. ಆಮೇಲೆ ಆಲ್ಕೋಹಾಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೀರಿನಂಶ ತೆಗೆದು, ನೀರಿದ್ದ ಜಾಗಕ್ಕೆಲ್ಲ ಅಂಟು ರಾಳ ತುಂಬಿ, 60 ಡಿಗ್ರಿ ಶಾಖದಲ್ಲಿ ಎರಡು ದಿನ ಇಟ್ಟರೆ ಹುಳುವಿನ ಚೂರು ಹಳದಿ ಗಾಜಿನ ಮಣಿಯೊಳಗೆ ಕಪ್ಪು ಚುಕ್ಕೆಯಾಗಿ ಕೂರುತ್ತದೆ. ಅದನ್ನು ಸೀಳಬೇಕು. ತಲೆಗೂದಲೊಂದನ್ನು ಉದ್ದಕ್ಕೆ ಸಾವಿರ ಪದರವಾಗಿ ಸೀಳಿದರೆ ಒಂದು ಪದರ ಎಷ್ಟಿರುತ್ತದೋ ಅಷ್ಟು ತೆಳ್ಳಗೆ! ಉಕ್ಕಿನ ಅಲಗಿಗೆ ಇದು ಸಾಧ್ಯವಿಲ್ಲ. ಹೊಸದಾಗಿ ಮುರಿದ ಗಾಜಿನ ಅಂಚು ಬೇಕು, ಇಲ್ಲವೆ ವಜ್ರದ ಚಾಕು. ಮೂಗುಬೊಟ್ಟಿಗೂ ಓಲೆಗೂ ಮಾತ್ರ ವಜ್ರ ಎಂದುಕೊಂಡಿದ್ದ ನನಗೆ ಆ ಚಾಕುವಿನ ಬೆಲೆ ಕೇಳಿ ಬಾಯಿ ಕಟ್ಟಿತು.

ನಾನು ಹೋದಾಗ ಅವಳು ಸೀಳುತ್ತಾ ಕೂತಿದ್ದಳು. ಸೀಳಿದ ಪದರಗಳು ಚಾಕುವಿನ ಹಿಂದಿನ ಪುಟ್ಟ ತೊಟ್ಟಿಯ ನೀರಿನ ಮೇಲೆ ಒಂದರ ಹಿಂದೊಂದು ತೇಲಿ ಬರುತ್ತಿದ್ದವು. ದಪ್ಪಗಿದ್ದರೆ ನೇರಳೆ ನೀಲಿ ಬಣ್ಣ, ಸರಿಯಿದ್ದರೆ ಬೆಳ್ಳಿ. ಆ ಬೆಳ್ಳಿ ಹೊಳಪನ್ನು ನೋಡಿ ನನಗೆ ಮಾಂಬಳ್ಳಿಯ ಒಲೆಯ ಮುಂದೆ ಬಿಸಿನೀರಿನ ಗೂಡಿನಿಂದ ಎಳೆ ಎದ್ದು ಬರುವುದು ನೆನಪಾಯಿತು. ಆ ಪದರಗಳನ್ನು ಬೆರಳಿನಿಂದ ಮುಟ್ಟುವಂತಿಲ್ಲ, ಚಿಮುಟವೂ ಆಗದು. ಅವಳು ಒಂದು ಸಣ್ಣ ಕಡ್ಡಿ ತೆಗೆದಳು. ಅದರ ತುದಿಗೆ ಏನೋ ಕೂದಲು ಅಂಟಿಸಿತ್ತು.

"ಕಣ್ಣೆವೆ ಮೇಡಂ. ಇದಕ್ಕಿಂತ ಮೆತ್ತನೆಯ ಉಪಕರಣ ಇನ್ನೂ ಬಂದಿಲ್ಲ."

ಕೋಟಿ ರೂಪಾಯಿಯ ಯಂತ್ರ, ಲಕ್ಷಗಟ್ಟಲೆಯ ಚಾಕು, ಕೊನೆಗೆ ಎಲ್ಲ ನಿಂತಿರುವುದು ಒಂದು ಕಣ್ಣೆವೆಯ ಮೇಲೆ! ಅದರಿಂದ ಪದರಗಳನ್ನು ನವಿರಾಗಿ ಒಟ್ಟು ಮಾಡಿ, ಮೂರು ಮಿಲಿಮೀಟರಿನ ತಾಮ್ರದ ಜಾಲರಿಯ ಮೇಲೆ ಎತ್ತಿಕೊಂಡಳು.

ಯಂತ್ರವಿದ್ದ ಕೋಣೆ ಕತ್ತಲು. ಆಳೆತ್ತರದ ಉಕ್ಕಿನ ಕಂಬ, ಅದರ ಬುಡದಲ್ಲಿ ಕಿಟಕಿ, ಕಿಟಕಿಯೊಳಗೆ ಹಸಿರು ಬೆಳಕಿನ ತೆರೆ. ಕಂಬದೊಳಗಿನ ಗಾಳಿಯನ್ನೆಲ್ಲ ಪಂಪು ಹೀರಿ ತೆಗೆದಿರುತ್ತದೆ, ಗಾಳಿಯ ಕಣ ಅಡ್ಡ ಬಂದರೆ ಎಲೆಕ್ಟ್ರಾನು ಚದುರಿಹೋಗುತ್ತದೆ. ಅವಳು ಗುಂಡಿ ತಿರುಗಿಸುತ್ತಾ ಹೋದಳು. ಮೊದಲು ಜಾಲರಿಯ ಕಂಬಿ, ಆಮೇಲೆ ಜೀವಕೋಶ, ಅದರ ನಡುವೆ ಉಬ್ಬಿಕೊಂಡ ಕೋಶಕೇಂದ್ರ, ಅದರೊಳಗೆ ಇಡುಕಿರಿದ ಹರಳುಗಳು. ಇನ್ನೂ ತಿರುಗಿಸಿದಳು. 20,000 ಪಟ್ಟಿನಲ್ಲಿ ಒಂದೇ ಹರಳು ತೆರೆ ತುಂಬಿತು. ಅದರೊಳಗೆ ಅಲ್ಲಲ್ಲಿ ಹೂತ ಕಡ್ಡಿಗಳು. ಉದ್ದಕ್ಕೆ ಸೀಳಿದವು ಜೀರಿಗೆಯಂತೆ, ಅಡ್ಡಕ್ಕೆ ಸೀಳಿದವು ಗಸಗಸೆಯಂತೆ. ಬೆಲ್ಲದ ಪಾಕದಲ್ಲಿ ಜೀರಿಗೆ ಹಾಕಿ ಗಟ್ಟಿ ಮಾಡಿ ಅಚ್ಚು ಕತ್ತರಿಸಿದರೆ ಹೇಗಿರುತ್ತದೋ ಹಾಗಿತ್ತು. ಪಾಕದ ಜಾಗದಲ್ಲಿರುವುದು ಪ್ರೊಟೀನು. ಇನ್ನೂ ಹಿಗ್ಗಿಸಿದರೆ ಆ ಪ್ರೊಟೀನಿನಲ್ಲೂ ಸಾಲುಸಾಲು ಗೆರೆಗಳು, ಯಳಂದೂರಿನ ಬಳೆಮಂಟಪದ ಕಲ್ಲುಬಳೆಗಳಂತೆ ಒಂದಕ್ಕೊಂದು ಹೆಣೆದುಕೊಂಡಂತಿದ್ದವು. ನಾನು ಸುಂದರವೆಂದು ಬಾಯಿಬಿಟ್ಟು ಹೇಳಿ, ಆಮೇಲೆ ಅದು ಏನೆಂದು ನೆನಪಾಗಿ ಸುಮ್ಮನಾದೆ.

ಆ ಹರಳು ವೈರಸ್ಸಿನ ಕವಚ. ಮಣ್ಣಿನಲ್ಲಿ, ಬಿದಿರಿನ ಸಂದಿಯಲ್ಲಿ, ಗೋಡೆಯ ಬಿರುಕಿನಲ್ಲಿ ಅದು ವರ್ಷಗಟ್ಟಲೆ ಹಾಗೇ ಬಿದ್ದಿರಬಲ್ಲದು. ಸೊಪ್ಪಿನ ಜೊತೆ ಹುಳುವಿನ ಹೊಟ್ಟೆ ಸೇರಿದಾಗ ಮಾತ್ರ, ಅಲ್ಲಿನ ಸುಣ್ಣದ ತಿಳಿಯಂಥ ಕ್ಷಾರದಲ್ಲಿ ಕವಚ ಕರಗಿ ಕಡ್ಡಿಗಳು ಹೊರಬರುತ್ತವೆ. ವಾರದೊಳಗೆ ಹುಳುವಿನ ಮೈಯೇ ಹಾಲು. ಆ ಹಾಲು ಒಡೆದು ಬಿದ್ದ ಸೊಪ್ಪನ್ನು ಪಕ್ಕದ ಹುಳು ತಿನ್ನುತ್ತದೆ.

"ಎಷ್ಟು ಹುಳು ಇದ್ದರೆ ಇಡೀ ಮನೆಗೆ ಹರಡುತ್ತದೆ?" ಎಂದು ಕೇಳಿದೆ.

"ಒಂದೆರಡು ಸಾಕು ಮೇಡಂ. ಬೇರೆ ಮನೆಯ ತಟ್ಟೆ ತಂದರೂ ಆಯಿತು, ಕೈ ತೊಳೆಯದೆ ಮುಟ್ಟಿದರೂ ಆಯಿತು."

ಇಲ್ಲಿ ನಾನು ನಿಮಗೆ ಈವರೆಗೆ ಹೇಳದೆ ಬಿಟ್ಟ ಒಂದು ಸಂಗತಿಯಿದೆ. 1974ರಲ್ಲಿ, ನಮ್ಮ ಮನೆಗೆ ರೋಗ ಬರುವ ಒಂದು ವಾರ ಮೊದಲು, ಪಕ್ಕದ ಬೀದಿಯವರ ಹುಳು ಕೆಟ್ಟಿದ್ದವು. ಅವರ ತಿಪ್ಪೆಯ ಮೇಲೆ ಸುರಿದ ರಾಶಿಯಲ್ಲಿ ಮೂರು ಹುಳು ಇನ್ನೂ ಹರಿದಾಡುತ್ತಿದ್ದವು. ಪಾಪ, ಹಸಿದಿವೆ, ಸೊಪ್ಪು ತಿಂದರೆ ಬದುಕುತ್ತವೆ ಎಂದು ಲಂಗದ ಮಡಿಲಿಗೆ ಹಾಕಿಕೊಂಡು ಬಂದು, ಯಾರಿಗೂ ಕಾಣದಂತೆ ನಮ್ಮ ತಟ್ಟೆಗೆ ಬಿಟ್ಟಿದ್ದೆ. ಅಜ್ಜಿ "ಯಾರು ಹೋಗಿದ್ದರು ಒಳಗೆ" ಎಂದು ಕೂಗಿದಾಗ ನಾನು ಬಾಗಿಲ ಹಿಂದೆ ಇದ್ದೆ. ಹುಳುಗಳಿಗೂ ರೋಗಕ್ಕೂ ಸಂಬಂಧವಿದೆಯೆಂದು ನನಗೆ ಗೊತ್ತಿರಲಿಲ್ಲ. ಬೈಗುಳದ ಹೆದರಿಕೆ ಮಾತ್ರ ಇತ್ತು. ಸಂಬಂಧವಿದೆಯೆಂದು ಗೊತ್ತಾದದ್ದು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ, ಪುಸ್ತಕದ ಒಂದು ಪುಟದಲ್ಲಿ. ಆ ಪುಟವನ್ನು ನಾನು ಇಪ್ಪತ್ತು ವರ್ಷ ಪಾಠ ಮಾಡಿದೆ. ಹನೂರಿಗೆ ಹೋಗಿ ಬಂದದ್ದೂ ಉಂಟು. ಹೇಳಿರಲಿಲ್ಲ.

ಆ ಕತ್ತಲ ಕೋಣೆಯಲ್ಲಿ ಹುಡುಗಿಗೆ ಹೇಳಿದೆ. ಅವಳು ಬೆಳಕು ಹಾಕಲಿಲ್ಲ, ಅದಕ್ಕೆ ನಾನು ಅವಳಿಗೆ ಋಣಿ. "ಮೇಡಂ, ಈ ಚಿತ್ರ ಈ ಹುಳುವಿನಲ್ಲಿ ಏನಿದೆ ಎಂದು ಹೇಳುತ್ತದೆ. ಯಾರು ತಂದರು ಎಂದು ಹೇಳುವುದಿಲ್ಲ. ಆವತ್ತು ನಿಮ್ಮ ಹುಳುಗಳಿಂದಲೇ ಬಂತೆಂದು ಹೇಗೆ ಹೇಳುತ್ತೀರಿ? ನಿಮ್ಮ ತಟ್ಟೆಯಲ್ಲೇ ಇದ್ದಿರಬಹುದು" ಎಂದಳು. ನಿಜ. ಆದರೆ ಮುಟ್ಟಿನಿಂದ ಬರಲಿಲ್ಲ ಎಂಬುದನ್ನಂತೂ ಆ ಚಿತ್ರ ಹೇಳುತ್ತದೆ. ಅಲ್ಲಿ ಇನ್ನೇನೂ ಇರಲಿಲ್ಲ. ಹರಳು, ಹರಳಿನೊಳಗೆ ಕಡ್ಡಿ.

ಹೊರಗಿನವರನ್ನು ಹುಳು ಮನೆಗೆ ಬಿಡಬಾರದು ಎಂದ ನಮ್ಮ ಹಿರಿಯರು ದಡ್ಡರೇನಲ್ಲ. ಹತ್ತು ಮನೆ ತಿರುಗಿದ ಕಾಲು, ಹತ್ತು ತಟ್ಟೆ ಮುಟ್ಟಿದ ಕೈ ರೋಗ ತರುತ್ತದೆ, ಅದು ನಿಜವೇ. ಆದರೆ ಆ ಕಾಲೂ ಕೈಯೂ ಹೆಚ್ಚಾಗಿ ಗಂಡಸರದು. ಗೂಡಿನ ಮಾರುಕಟ್ಟೆಗೆ ಹೋಗುವವರು, ಬಾಡಿಗೆಗೆ ಚಂದ್ರಿಕೆ ತರುವವರು, ಅವರಿವರ ಬೆಳೆ ಹೇಗಿದೆಯೆಂದು ನೋಡಿ ನೇರ ನಮ್ಮ ತಟ್ಟೆಗೆ ಕೈ ಹಾಕುವವರು ಅವರೇ. ತಿಂಗಳಿಗೆ ಮೂರು ದಿನ ಮೂಲೆಯಲ್ಲಿ ಕೂತವಳು ಎಲ್ಲಿಗೆ ಹೋಗಿ ಏನು ತಂದಾಳು? ಫ್ರಾನ್ಸಿನಲ್ಲಿ 1865ರಿಂದ ನಾಲ್ಕೈದು ವರ್ಷ ಲೂಯಿ ಪಾಸ್ಚರ್ ರೇಷ್ಮೆ ಹುಳುವಿನ ಗಂಟು ರೋಗದ ಬೆನ್ನು ಹತ್ತಿದಾಗ ಹುಳು ಸಾಕಿ, ಆರಿಸಿ, ಲೆಕ್ಕ ಇಡಲು ಜೊತೆಗಿದ್ದವರಲ್ಲಿ ಅವರ ಹೆಂಡತಿಯೂ ಮಗಳೂ ಸೇರಿದ್ದರು. ಆ ವರ್ಷಗಳಲ್ಲೇ ಎರಡು ಹೆಣ್ಣುಮಕ್ಕಳನ್ನು ಕಳೆದುಕೊಂಡಿದ್ದ ಮನೆ ಅದು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟು ರೋಗವಿದ್ದರೆ ಮೊಟ್ಟೆಯನ್ನೇ ಸುಡುವ ಆಗಿನ ಪದ್ಧತಿ ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುತ್ತಿದೆ. ಆ ಹೆಂಗಸರನ್ನು ಯಾರೂ ದಿನ ಕೇಳಿ ಒಳಗೆ ಬಿಟ್ಟಂತೆ ಕಾಣೆ.

ಅಣ್ಣನಿಗೆ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿ "ಇದಕ್ಕೆ ಔಷಧಿ?" ಎಂದ. ರೋಗ ಬಂದ ಮೇಲೆ ಔಷಧಿಯಿಲ್ಲ, ಬರದಂತೆ ತೊಳೆಯುವುದೊಂದೇ ದಾರಿ ಎಂದೆ. ಸುಣ್ಣದ ನೀರಿನಲ್ಲಿ ಬ್ಲೀಚಿಂಗ್ ಪುಡಿ ಕಲಸಿ ಗೋಡೆ, ನೆಲ, ತಟ್ಟೆ, ಚಂದ್ರಿಕೆ ಎಲ್ಲ ತೊಳೆಸಿದ. ರೋಗದ ಹುಳುಗಳನ್ನು ತಿಪ್ಪೆಗೆ ಹಾಕದೆ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿದ. ಹೊಸಿಲ ಬಳಿ ಕೈಕಾಲು ತೊಳೆಯಲು ಬಕೆಟ್ಟು ಬಂತು. ತಪ್ಪಾಯಿತೆಂದು ಸೊಸೆಗೆ ಅವನಾಗಲಿ ಅತ್ತಿಗೆಯಾಗಲಿ ಹೇಳಿದರೆಂದು ನಾನು ಕೇಳಿಲ್ಲ. ಮುಂದಿನ ಬೆಳೆಗೆ ನಾನು ಹೋದಾಗ ಅವಳು ಒಳಗೆ ಕಸ ತೆಗೆಯುತ್ತಿದ್ದಳು. ಅದು ಯಾವ ದಿನವೆಂದು ನಾನು ಕೇಳಲಿಲ್ಲ.

ಹನೂರಿಗೆ ಹೋಗಲು ಮಾತ್ರ ನನಗೆ ಇನ್ನೂ ಎರಡು ತಿಂಗಳು ಬೇಕಾಯಿತು. ಕೊಳ್ಳೇಗಾಲದಿಂದ ಒಂದು ಗಂಟೆಯ ದಾರಿ, ಬಸ್ಸು ತುಂಬ ಮಾದಪ್ಪನ ಬೆಟ್ಟಕ್ಕೆ ಹೋಗುವ ಜನ. ಈಗ ಹನೂರೇ ಒಂದು ತಾಲ್ಲೂಕು, ಆಗ ಕೊಳ್ಳೇಗಾಲಕ್ಕೆ ಸೇರಿತ್ತು. ಸಣ್ಣತ್ತೆಗೆ ಅರವತ್ತನಾಲ್ಕಾಗಿತ್ತು. ದಪ್ಪ ಕನ್ನಡಕ ಹಾಕಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಚಿತ್ರವನ್ನು ಕೈಗೆ ಕೊಟ್ಟು, ಮೊದಲು ಹರಳಿನ ಕಥೆ ಹೇಳಿದೆ. ನಡುವೆ ನಿಲ್ಲಿಸಿದರೆ ಮತ್ತೆ ಆಗದೆಂದು ಒಂದೇ ಉಸಿರಿಗೆ ತಿಪ್ಪೆಯ ಹುಳುಗಳ ಕಥೆಯನ್ನೂ ಹೇಳಿದೆ.

ಅವಳು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಈಗ ಯಾರ್ಗ ತೋರ್ಸದು ಇದ? ನಿಮ್ಮಜ್ಜಿ ಇಲ್ಲ, ನಿಮ್ಮಪ್ಪ ಇಲ್ಲ."

ನನ್ನ ಬಳಿ ಉತ್ತರವಿರಲಿಲ್ಲ.

"ಪಾಪ ಅಂತ ತಂದೆಯಾ ಆ ಹುಳವ?"

ಹೌದೆಂದೆ.

"ಎಳೇ ಮಗ. ನಿಂಗೇನ್ ಗೊತ್ತಿತ್ತು ಬುಡು" ಎಂದಳು. ಯಂತ್ರದ ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನಿಲ್ಲಿಸಿದಳು. "ದೊಡ್ಡೋಳಾದ್ ಮ್ಯಾಲಾದ್ರೂ ಒಂದ್ ಮಾತು ಏಳ್ಬೋದಿತ್ತಲ್ಲವ್ವ."

ಹೊರಗೆ ಬೆಟ್ಟದ ಬಸ್ಸೊಂದು ಹಾರನ್ನು ಮಾಡುತ್ತಾ ಹೋಯಿತು. ನಾನು ಸೆರಗಿನ ತುದಿ ಸುತ್ತುತ್ತಾ ಕೂತೆ. ಅವಳು ಎದ್ದು ಒಳಗೆ ಹೋಗಿ ಕಾಫಿ ಮಾಡಿ ತಂದಳು, ಇಬ್ಬರೂ ಕುಡಿದೆವು. ಆಮೇಲೆ ಚಿತ್ರವನ್ನು ಮತ್ತೆ ಎತ್ತಿಕೊಂಡು, ಅಷ್ಟು ತೆಳ್ಳಗೆ ಸೀಳುವುದು ಹೇಗೆ, ಸೀಳಿದ್ದನ್ನು ಎತ್ತುವುದು ಹೇಗೆ ಎಂದು ಕೇಳಿದಳು. ಹೊಲಿಗೆಯವಳಿಗೆ ಅದೇ ಮುಖ್ಯ. ಕಣ್ಣೆವೆಯ ಕಡ್ಡಿಯ ವಿಷಯ ಹೇಳಿದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದಳು.

"ಯಾರ ಕಣ್ಣೆವ ಅದು?"

"ಆ ಹುಡುಗಿಯದೇ."

"ನಮ್ ಕಡ ಹುಡ್ಗಿಯಾ?"

"ಕೊಳ್ಳ್ಯಾಗಾಲದೋಳು."

ಸಣ್ಣತ್ತೆ ಚಿತ್ರವನ್ನು ರವಿಕೆಯ ಅಳತೆಗಳನ್ನು ಬರೆದಿಡುವ ನೋಟುಬುಕ್ಕಿನ ನಡುವೆ ಇಟ್ಟು, ಅರ್ಧ ಹೊಲಿದಿದ್ದ ತೋಳನ್ನು ಮತ್ತೆ ಸೂಜಿಯ ಕೆಳಗೆ ಎಳೆದುಕೊಂಡಳು.